ಆರ್ಲಿಸ್ ಅನುಮೋದಿಸಲಿಲ್ಲ

ಮಿನೆಸೋಟಾದ ಹೋವ್ಲಂಡ್ ಊರಿನಲ್ಲಿ ಆರ್ಲಿಸ್ ಟೋಲೆಫ್ಸನ್ ತಟ್ಟದ ಬಾಗಿಲು ಇರಲಿಲ್ಲ. ಮೂವತ್ತೊಂದು ವರ್ಷಗಳಿಂದ ಪ್ರತಿ ಅಕ್ಟೋಬರಿನಲ್ಲೂ ಆಕೆ ಪಕ್ಷದ ಕರಪತ್ರಗಳ ಚೀಲವನ್ನು ಹೆಗಲಿಗೇರಿಸಿ ದಂಡಯಾತ್ರೆ ಹೊರಡುತ್ತಿದ್ದಳು. ಒಟ್ಟು ನಾನೂರ ಹನ್ನೆರಡು ಮನೆ. ಇದಕ್ಕಿಂತ ಕಡಿಮೆ ಗೆದ್ದ ರಾಜರು ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡಿದ್ದಾರೆ. ಆರ್ಲಿಸ್‌ಗೆ ದಕ್ಕಿದ್ದು ಎಡಗಾಲಿನ ಮೀನಖಂಡದಲ್ಲಿ ನಾಯಿಯ ಹಲ್ಲಿನ ಗುರುತು, ಬಲ ಮಂಡಿಯಲ್ಲಿ ಉಕ್ಕಿನ ಕೀಲು, ಮತ್ತು ಜನರ ನಂಬಿಕೆ. ಈ ಮೂರನೆಯದರ ಬಗ್ಗೆ ಆಕೆಗೆ ಬಹಳ ಹೆಮ್ಮೆ. ತನಗೆ ಗಟ್ಟಿ ಅನ್ನಿಸದ ಮನುಷ್ಯನನ್ನು ಆಕೆ ಒಂದು ಬಾಗಿಲಲ್ಲೂ ಹೊಗಳಿದವಳಲ್ಲ. ಆಚೆ ಪಕ್ಷದವರೂ ಅವಳಿಗೆ ಬಾಗಿಲು ತೆಗೆಯುತ್ತಿದ್ದದ್ದು ಅದಕ್ಕೇ.

ಚುನಾವಣೆಯಿಲ್ಲದ ತಿಂಗಳುಗಳಲ್ಲಿ ಆಕೆ ಊರಿನ ಶಾಲೆಯ ಅಡುಗೆಮನೆ ನಡೆಸುತ್ತಿದ್ದಳು. ಇಪ್ಪತ್ತಾರು ವರ್ಷ, ದಿನಕ್ಕೆ ನೂರ ನಲವತ್ತು ಮಕ್ಕಳು. ಹೊರಗೆ ಚಳಿ ಸೊನ್ನೆಯ ಕೆಳಗೆ ಎಷ್ಟೇ ಇಳಿಯಲಿ, ಹನ್ನೊಂದೂವರೆಗೆ ತಟ್ಟೆಯಲ್ಲಿ ಹಬೆಯಾಡುವ ಹಾಟ್‌ಡಿಶ್ ಇರುತ್ತಿತ್ತು: ಕೆಳಗೆ ಮಾಂಸ, ನಡುವೆ ಬೀನ್ಸು, ಮೇಲೆ ಗರಿಗರಿ ಆಲೂಗಡ್ಡೆ. ಆ ಅಡುಗೆಮನೆಗೆ ಬೀಗ ಹಾಕಿಸಿದವನು ಶಾಲಾ ಮಂಡಳಿಯ ಅಧ್ಯಕ್ಷ ವರ್ಲಿನ್ ಬ್ರುಸ್ವೆನ್, ಟ್ರ್ಯಾಕ್ಟರ್ ಅಂಗಡಿಯ ಮಾಲೀಕ, ಆಚೆ ಪಕ್ಷದವನು. ಊಟ ನಲವತ್ತು ಮೈಲಿ ದೂರದಿಂದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬರತೊಡಗಿತು. ಮಕ್ಕಳ ಕೈಗೆ ಬರುವ ಹೊತ್ತಿಗೆ ಹೆಪ್ಪುಗಟ್ಟಿರುತ್ತಿದ್ದ ಅದನ್ನು ತಿನ್ನುವುದಕ್ಕಿಂತ ಅದರ ಮೇಲೆ ಜಾರುಬಂಡೆ ಆಡುವುದು ಸುಲಭವಾಗಿತ್ತು. ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಸಿಗುವ ಮೂರು ನಿಮಿಷ ಆರ್ಲಿಸ್‌ಗೂ ಸಿಕ್ಕಿತು. ಆ ಮೂರೂ ನಿಮಿಷ ವರ್ಲಿನ್ ತನ್ನ ಗಡಿಯಾರ ನೋಡುತ್ತ ಕೂತಿದ್ದ. ಆಮೇಲೆ ಅವನು ಶಾಸಕನಾದ. ಹೋದ ವರ್ಷ ತನ್ನ ಪಕ್ಷದ ಮೇಲೆ ಮುನಿಸಿಕೊಂಡು ಹೊರಬಿದ್ದ. ಅವನು ಎಲ್ಲಿಂದ ಹೊರಬಿದ್ದರೆ ತನಗೇನು ಎಂದುಕೊಂಡಿದ್ದಳು ಆರ್ಲಿಸ್.

ಮೇ ತಿಂಗಳ ಒಂದು ಬೆಳಿಗ್ಗೆ ಅವಳ ಮನೆ ಬಾಗಿಲನ್ನೇ ಯಾರೋ ತಟ್ಟಿದರು. ನಿಂತಿದ್ದವನು ಟ್ರೆವರ್ ಪೈಕ್. ಪಕ್ಷದ ಗವರ್ನರ್ ಅಭ್ಯರ್ಥಿ ಕರ್ಟ್ ಲಿಂಡ್ವಾಲ್ ದೂರದ ಪೂರ್ವ ಕರಾವಳಿಯಿಂದ ಕರೆಸಿಕೊಂಡ ಚುನಾವಣಾ ಚಾಣಕ್ಯ. ಆರ್ಲಿಸ್ ಕಾಫಿ ಕೊಟ್ಟಳು, ರುಬಾರ್ಬ್ ಎಂಬ ಹುಳಿ ದಂಟು ಹಾಕಿದ ಸಿಹಿ ತುಂಡುಗಳನ್ನು ಮುಂದಿಟ್ಟಳು. ಅವನು ಕಂಪ್ಯೂಟರ್ ತೆರೆದು ಕೆಂಪು ನೀಲಿ ಗೆರೆಗಳನ್ನು ತೋರಿಸಿದ.

"ನಮ್ಮವರ ಓಟಷ್ಟೇ ಸಾಲಲ್ಲ ಮೇಡಂ. ಹೊರಗಿನ ಓಟು ಬೇಕು. ಅದಕ್ಕೆ ಉಪಗವರ್ನರ್ ಜಾಗಕ್ಕೆ ಹೊರಗಿನವರನ್ನೇ ಕರ್ಟ್ ಜೊತೆ ನಿಲ್ಲಿಸ್ತಿದೀವಿ. ವರ್ಲಿನ್ ಬ್ರುಸ್ವೆನ್! ಲೆಕ್ಕದ ಪ್ರಕಾರ ನೂರಕ್ಕೆ ನಾಲ್ಕು ಓಟು ಎಳೀತಾರೆ."

ಆರ್ಲಿಸ್ ಕೈಯ ಲೋಟ ತುಟಿಯ ಹತ್ತಿರವೇ ನಿಂತಿತು.

"ಡುಲೂತ್ ನಗರದಲ್ಲಿ ನಡೆಯೋ ಪಕ್ಷದ ಸಮಾವೇಶದಲ್ಲಿ ಅವರ ಹೆಸರನ್ನ ಒಬ್ಬರು ಅನುಮೋದಿಸ್ಬೇಕು. ಅವರದೇ ಊರಿನ, ನಮ್ಮ ಪಕ್ಷದ ಅಪ್ಪಟ ಕಾರ್ಯಕರ್ತೆ ಎದ್ದು ನಿಂತರೆ ಇನ್ಯಾರೂ ತುಟಿ ಬಿಚ್ಚಲ್ಲ. ಏನಂತೀರಿ?"

ಆರ್ಲಿಸ್ ಒಳಗೆ ಜ್ವಾಲಾಮುಖಿಯೊಂದು ಎದ್ದು, ಗಂಟಲವರೆಗೆ ಬಂದು, ಅರವತ್ತೆಂಟು ವರ್ಷಗಳ ಸಭ್ಯತೆಗೆ ಸಿಕ್ಕಿಹಾಕಿಕೊಂಡಿತು. ಆಕೆ ಲೋಟ ಕೆಳಗಿಟ್ಟಳು.

"ಹೂಂ," ಅಂದಳು. "ಅದೂ... ಬೇರೆ ಥರಾ ಇದೆ."

ಟ್ರೆವರ್ ಮುಖ ಅರಳಿತು. ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡು, ಕೈಕುಲುಕಿ, ಹೊರಟುಹೋದ.

ಗಂಡ ಡ್ವೇನ್ ಗ್ಯಾರೇಜಿನಿಂದ ಬಂದ. "ಏನಂತೆ?"

ಹೇಳಿದಳು.

"ನೀನೇನಂದೆ?"

"ಬೇರೆ ಥರಾ ಇದೆ ಅಂದೆ."

ಡ್ವೇನ್ ಕುರ್ಚಿ ಹಿಡಿದುಕೊಂಡ. "ಅಯ್ಯಯ್ಯೋ ಆರ್ಲಿಸ್! ಮನೆಗೆ ಬಂದವನಿಗೆ ಅಷ್ಟು ಕಟುವಾಗಿ ಹೇಳೋದಾ?"

ಅವನು ಗಾಬರಿಯಾದದ್ದು ಸಹಜವೇ. ಹೋವ್ಲಂಡಿನಲ್ಲಿ ಬೈಗುಳದ ಭಂಡಾರ ಬಹಳ ಚಿಕ್ಕದು, ಅದರಲ್ಲಿ ಅತಿ ಹರಿತವಾದದ್ದು ಇದು. ಪಕ್ಕದ ಮನೆಯವನು ಗೋಡೆಗೆ ನೇರಳೆ ಬಣ್ಣ ಹೊಡೆಸಿದಾಗ ಬೀದಿಯವರೆಲ್ಲ "ಬೇರೆ ಥರಾ ಇದೆ" ಅಂದರು; ಭಾನುವಾರದೊಳಗೆ ಗೋಡೆ ಮತ್ತೆ ಬಿಳಿಯಾಯಿತು. ಪಾದ್ರಿಯ ಹೊಸ ಹೆಂಡತಿ ಹಾಟ್‌ಡಿಶ್‌ಗೆ ಅನಾನಸ್ ಹಾಕಿ ತಂದಾಗ ಯಾರೋ ಇದೇ ಮಾತಾಡಿದರೆಂದು ಆಕೆ ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಅತ್ತಿದ್ದಳು. ಪೂರ್ವ ಕರಾವಳಿಯ ಚಾಣಕ್ಯನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಎರಡು ವಾರದ ಮೇಲೆ ಸಮಾವೇಶದ ಕಾರ್ಯಕ್ರಮ ಪಟ್ಟಿ ಅಂಚೆಯಲ್ಲಿ ಬಂತು. ಮೂರನೇ ಪುಟದಲ್ಲಿ ದಪ್ಪಕ್ಷರ: ಬ್ರುಸ್ವೆನ್ ಅವರ ಹೆಸರಿಗೆ ಅನುಮೋದನೆ, ಶ್ರೀಮತಿ ಆರ್ಲಿಸ್ ಟೋಲೆಫ್ಸನ್, ಹೋವ್ಲಂಡ್. ಎರಡು ನಿಮಿಷ.

ಆಕೆ ಟ್ರೆವರ್‌ಗೆ ಫೋನು ಹಚ್ಚಿದಳು. "ನಾನು ಒಪ್ಪಿಯೇ ಇಲ್ವಲ್ಲಪ್ಪಾ!"

"ಏನ್ ಮೇಡಂ, ತಮಾಷೆನಾ? ಬೇರೆ ಥರಾ ಇದೆ ಅಂತ ನೀವೇ ಅಂದ್ರಿ! ಆ ಮಾತು ನನಗೆ ಎಷ್ಟು ಹಿಡಿಸ್ತು ಅಂದ್ರೆ ಅದನ್ನೇ ನಮ್ಮ ಘೋಷಣೆ ಮಾಡಿಬಿಟ್ವಿ. 'ಕರ್ಟ್ ಮತ್ತು ವರ್ಲಿನ್: ಬೇರೆ ಥರಾ ಇದೆ'. ಹತ್ತು ಸಾವಿರ ಬಿಲ್ಲೆ ಅಚ್ಚಾಗಿವೆ."

ಆರ್ಲಿಸ್ ಫೋನಿಟ್ಟಳು. ಪಟ್ಟಿಯಲ್ಲಿ ಹೆಸರು ಅಚ್ಚಾದ ಮೇಲೆ ತಪ್ಪಿಸಿಕೊಳ್ಳುವುದೆಂದರೆ ಸಮಾವೇಶದ ಮುಂದೆ ಮುಖ ಮುಚ್ಚಿಕೊಂಡು ಓಡಿದಂತೆ. ಎದ್ದು ಅನುಮೋದಿಸಿದರೆ ನಾನೂರ ಹನ್ನೆರಡು ಬಾಗಿಲುಗಳಲ್ಲಿ ಕೂಡಿಟ್ಟ ಮಾತಿನ ಬೆಲೆಯನ್ನು, ಮಕ್ಕಳ ತಟ್ಟೆ ತಣ್ಣಗಾಗಿಸಿದವನ ಕೊರಳಿಗೆ ಹಾರ ಮಾಡಿ ಹಾಕಿದಂತೆ.

"ಜ್ವರ ಅಂತ ಹೇಳಿಬಿಡು," ಅಂದ ಡ್ವೇನ್.

"ನನಗ್ಯಾಕೆ ಜ್ವರ ಬರ್ಬೇಕು? ಜ್ವರ ಬರ್ಬೇಕಾದ್ದು ಅವರಿಗೆ!"

ಆ ವಾರ ಆಕೆ ಊರಿನ ಕಾಫಿ ಹೋಟೆಲಿಗೆ ಹೋಗಿ ಆಚೆ ಪಕ್ಷದವರ ಮೇಜಿನಲ್ಲಿ ಕೂತಳು. ವರ್ಲಿನ್ ಎಳೆಯಬೇಕಾದ ಹೊರಗಿನ ಓಟುಗಳು ಅಲ್ಲೇ ಮೊಟ್ಟೆ ತಿನ್ನುತ್ತ ಕೂತಿದ್ದವು. ಹನ್ನೊಂದು ಜನರನ್ನು ಕೇಳಿದಳು.

"ವರ್ಲಿನ್ನಾ?" ಅಂದ ಅವರಲ್ಲಿ ಹಿರಿಯ. "ನಮ್ಮನ್ನ ಬಿಟ್ಟು ಹೋದವನು. ನೀವು ಇಟ್ಕೊಳ್ಳಿ, ವಾಪಸ್ ಮಾತ್ರ ಕಳಿಸ್ಬೇಡಿ."

ಒಂಬತ್ತು ಜನ ಹೌದೌದು ಎಂದು ತಲೆಯಾಡಿಸಿದರು. ಉಳಿದವನೊಬ್ಬನು ಕೇಳಿಸದವನಂತೆ ಕಿಟಕಿಯಾಚೆ ಮಂಜು ತೆಗೆಯುವ ಲಾರಿ ನೋಡತೊಡಗಿದ, ಜೂನ್ ತಿಂಗಳಲ್ಲಿ.

ಡುಲೂತಿನ ಸಭಾಂಗಣದಲ್ಲಿ ಸಾವಿರದ ಇನ್ನೂರು ಪ್ರತಿನಿಧಿಗಳು ಸೇರಿದ್ದರು. ಸೇನೆ ಸೇರಿದ ಹಾಗೇ ಇತ್ತು. ಕಹಳೆಯ ಬದಲು ಕೆಟ್ಟ ಮೈಕು, ರಥಗಳ ಬದಲು ಮಡಚುವ ಕುರ್ಚಿ. ವೇದಿಕೆಯ ಮೇಲೆ ಮೂವತ್ತಡಿ ಬಟ್ಟೆಯಲ್ಲಿ 'ಬೇರೆ ಥರಾ ಇದೆ' ಎಂದು ಬರೆದಿತ್ತು. ರಾಜ್ಯದ ಮೂಲೆಮೂಲೆಯಿಂದ ಬಂದವರು ಅದನ್ನು ಓದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೂಟಿನ ತುದಿ ನೋಡತೊಡಗಿದರು. ಸಾವಿರಕ್ಕೂ ಮೇಲ್ಪಟ್ಟು ಗಂಟಲುಗಳು ಒಟ್ಟಿಗೆ ಕೆಮ್ಮಿದವು. ಟ್ರೆವರ್ ಮಾತ್ರ ಪಕ್ಕದಲ್ಲಿ ನಿಂತು ಹೆಬ್ಬೆರಳೆತ್ತಿ ತೋರಿಸುತ್ತಿದ್ದ.

ಕರ್ಟ್ ತನ್ನ ಜೊತೆಗಾರನ ಹೆಸರು ಘೋಷಿಸಿದ. ವರ್ಲಿನ್ ಕೈ ಬೀಸಿದ. ಸಮಾವೇಶದ ಅಧ್ಯಕ್ಷೆ ಅನುಮೋದನೆಗೆ ಆರ್ಲಿಸ್‌ಳನ್ನು ಕರೆದಳು. ಉಕ್ಕಿನ ಕೀಲು ಕಿರುಗುಟ್ಟುತ್ತ ಆಕೆ ಮೆಟ್ಟಿಲು ಹತ್ತಿದಳು. ಮೈಕು ಅವಳ ಹಣೆಯ ಎತ್ತರಕ್ಕಿತ್ತು, ಎಳೆದು ಬಗ್ಗಿಸಿದಳು.

"ನಾನು ಇಪ್ಪತ್ತಾರು ವರ್ಷ ಶಾಲೇಲಿ ಅಡುಗೆ ಮಾಡಿದೋಳು," ಅಂದಳು. "ಈ ವರ್ಲಿನ್ ಅದಕ್ಕೆ ಬೀಗ ಹಾಕ್ಸಿದ. ಮಕ್ಕಳು ಚಳಿಗಾಲದಲ್ಲಿ ಐಸಿನಂಥ ಊಟ ತಿಂದ್ರು. ನಾನು ಮಾತಾಡೋಕೆ ಹೋದ್ರೆ ಇವನು ಗಡಿಯಾರ ನೋಡ್ದ. ಆಮೇಲೆ ಇವನು ಶಾಸಕನಾಗೋಕೆ ನಿಂತಾಗ ಇವನ ವಿರುದ್ಧ ಬಾಗಿಲು ತಟ್ಟು ಅಂತ ನನ್ನ ಕಳಿಸಿದ್ದು ಇದೇ ಪಕ್ಷ. ಈಗ ಅದೇ ಬಾಗಿಲಿಗೆ ಹೋಗಿ ಇವನು ಬಂಗಾರದಂಥೋನು ಅನ್ಬೇಕಂತೆ. ಯಾಕಂದ್ರೆ ಹೊರಗಿನ ಓಟು ಬರುತ್ತಂತೆ. ಹೊರಗಿನೋರು ಹನ್ನೊಂದು ಜನರನ್ನ ಕೇಳ್ದೆ. ಹತ್ತು ಜನ ನೀವೇ ಇಟ್ಕೊಳ್ಳಿ ಅಂದ್ರು. ಒಬ್ಬ ಕೇಳಿಸೇ ಇಲ್ಲ ಅನ್ನೋ ಹಾಗೆ ಕೂತ. ಹೊರಗಿನೋರನ್ನ ಒಲಿಸ್ಕೊಳ್ಳೋದು ತಪ್ಪಲ್ಲ. ನಾನು ಮೂವತ್ತೊಂದು ವರ್ಷ ಅದನ್ನೇ ಮಾಡ್ತಾ ಬಂದಿದೀನಿ, ಕಾಲಲ್ಲಿ ನಡ್ಕೊಂಡು. ಆದ್ರೆ ಒಳಗಿದ್ದೋರ ಮುಖಕ್ಕೆ ಬಾಗಿಲು ಹಾಕಿ ಅಲ್ಲ. ನನ್ನ ಹೆಸರು ಈ ಪಟ್ಟೀಲಿ ಕೇಳದೇನೇ ಹಾಕಿದಾರೆ. ನಾನು ಅನುಮೋದಿಸೋದಿಲ್ಲ."

ಆಮೇಲೆ ಇನ್ನೊಂದು ಪದ ಸೇರಿಸಿದಳು. ಅದು ಅವಳ ಬಾಯಿಂದ ಸಾರ್ವಜನಿಕವಾಗಿ ಬಂದದ್ದು ಅದೇ ಮೊದಲು.

"ಇಲ್ಲ."

ಅಧ್ಯಕ್ಷೆ ಮೂರು ಸಲ "ಬೇರೆ ಯಾರಾದರೂ ಅನುಮೋದಿಸ್ತೀರಾ?" ಎಂದು ಕೇಳಬೇಕಾಯಿತು. ಕೊನೆಗೆ ಹಿಂದಿನ ಸಾಲಿನಿಂದ ಯಾರೋ ಸೀನಿದ ಹಾಗೆ "ನಾನು" ಅಂದರು. ಕೈಯೆತ್ತಿಸಿ ಎಣಿಸಿದರು. ವರ್ಲಿನ್ ಪರ ಏಳುನೂರ ಮೂವತ್ತು, ವಿರುದ್ಧ ನಾನೂರ ಎಪ್ಪತ್ತು. ಒಮ್ಮತದ ಆಯ್ಕೆ ಎಂದು ಮೊದಲೇ ಬರೆಸಿಟ್ಟಿದ್ದ ಪತ್ರಿಕಾ ಹೇಳಿಕೆಯನ್ನು ಟ್ರೆವರ್ ಮಡಚಿ ಜೇಬಿಗೆ ತುರುಕಿಕೊಂಡ.

ಮೊಗಸಾಲೆಯಲ್ಲಿ ಕರ್ಟ್ ಓಡಿಬಂದ. "ಆರ್ಲಿಸ್, ನನ್ನ ಮೇಲೂ ಸಿಟ್ಟಾ? ನಿಮ್ಮನ್ನ ಬಿಟ್ಟರೆ ಹೋವ್ಲಂಡ್‌ನಲ್ಲಿ ನನಗ್ಯಾರಿದಾರೆ?"

"ಇದನ್ನ ಅವನನ್ನ ಕರ್ಕೊಳ್ಳೋ ಮುಂಚೆ ಯೋಚಿಸ್ಬೇಕಿತ್ತು ಕರ್ಟ್."

"ಅಕ್ಟೋಬರ್‌ನಲ್ಲಿ ಬಾಗಿಲು ತಟ್ತೀರಿ ತಾನೇ?"

"ತಟ್ತೀನಿ. ನಿನ್ನ ಬಗ್ಗೆ ಕೇಳಿದ್ರೆ ನಿಜ ಹೇಳ್ತೀನಿ. ಅವನ ಬಗ್ಗೆ ಕೇಳಿದ್ರೂ ನಿಜ ಹೇಳ್ತೀನಿ."

ಕರ್ಟ್‌ನ ಮುಖ ಬಿಳುಚಿತು. "ನಿಮ್ಮಿಬ್ಬರಿಗೂ ಸೇರಿ ಒಂದೇ ಓಟು" ಎಂದು ಟ್ರೆವರ್ ಹಿಂದಿನಿಂದ ಪಿಸುಗುಟ್ಟಿದ. ಕರ್ಟ್ ಬಹಳ ನಯವಾಗಿ, ಮಂಡಿಗೂ ವಿಶ್ರಾಂತಿ ಬೇಕಲ್ಲವೇ ಎಂದ. ಜುಲೈಯಲ್ಲಿ ಪಕ್ಷದ ಕಚೇರಿಯಿಂದ ಒಬ್ಬರು ಬಂದು ಮನೆಗಳ ಪಟ್ಟಿ, ಚೀಲ ಎರಡನ್ನೂ ತೆಗೆದುಕೊಂಡು ಹೋದರು. ಮೂವತ್ತೊಂದು ವರ್ಷದ ಸೇನಾಪತಿಯನ್ನು ಕೆಳಗಿಳಿಸಲು ರುಬಾರ್ಬ್ ತುಂಡು ತಿನ್ನುವಷ್ಟೇ ಹೊತ್ತು ಹಿಡಿಯಿತು. ಅವರು ಎರಡು ತುಂಡು ತಿಂದರು ಬೇರೆ!

ಅಕ್ಟೋಬರಿನಲ್ಲಿ ನಗರದಿಂದ ಬಾಡಿಗೆ ಪಡೆ ಬಂದು ಬಾಗಿಲುಗಳಿಗೆ ಕರಪತ್ರ ಸಿಕ್ಕಿಸಿ ಹೋಯಿತು. ಆರ್ಲಿಸ್ ಕಿಟಕಿಯಿಂದ ಅವರನ್ನು ನೋಡಿ ಹಲ್ಲು ಕಡಿದಳು. "ಗಂಟೆ ಒತ್ತಿ ನಿಲ್ಲೋದೇ ಇಲ್ಲ ನೋಡು! ಓಡ್ತಾವೆ, ಪಿಜ್ಜಾ ಕೊಡೋಕೆ ಬಂದ ಹಾಗೆ!"

ಮತದಾನಕ್ಕೆ ಐದು ದಿನವಿರುವಾಗ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮೂರನೇ ಬೀದಿಯ ಎಲ್ರಾಯ್ ಸ್ಟೆನ್ರುಡ್. ಎಂಬತ್ತು ದಾಟಿದ ಮುದುಕ, ಹುಟ್ಟಿದಾಗಿನಿಂದ ಆಚೆ ಪಕ್ಷ. ಟೋಪಿ ಕೈಯಲ್ಲಿ ಹಿಡಿದು ಮುಖ ಗಂಟು ಹಾಕಿಕೊಂಡು ನಿಂತಿದ್ದ.

"ಈ ವರ್ಷ ನೀನು ಬರಲೇ ಇಲ್ಲ," ಎಂದು ಆಕ್ಷೇಪಿಸಿದ.

"ನನ್ನ ಪಟ್ಟಿ ಕಿತ್ಕೊಂಡ್ರು ಎಲ್ರಾಯ್."

"ಅದು ನಿನ್ನ ಪಕ್ಷದ ಕತೆ. ನನ್ನ ಗತಿ ಏನು? ಮೂವತ್ತು ವರ್ಷದಿಂದ ನೀನು ಯಾರಿಗೆ ಹಾಕು ಅಂತೀಯೋ ಅದಕ್ಕೆ ಉಲ್ಟಾ ಹಾಕ್ಕೊಂಡು ಬಂದಿದೀನಿ. ಒಂದ್ಸಲಾನೂ ತಪ್ಪಿಲ್ಲ. ಈಗ ನಮ್ಮೋನು ನಿಮ್ಮ ಕಡೆ, ನೀನು ನಿಮ್ಮ ಕಡೇಲೇ ಇಲ್ಲ. ನನಗೆ ಏನೂ ತಿಳೀತಿಲ್ಲ. ಹೇಳು, ನೀನು ಯಾರಿಗೆ ಹಾಕ್ತೀಯ?"

ನಾಲ್ಕು ತಿಂಗಳಿಂದ ಆ ಪ್ರಶ್ನೆಯನ್ನು ಆರ್ಲಿಸ್ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಮತಪತ್ರದಲ್ಲಿ ಕರ್ಟ್ ಮತ್ತು ವರ್ಲಿನ್, ಎರಡು ಹೆಸರಿಗೆ ತುಂಬಬೇಕಾದದ್ದು ಒಂದೇ ವೃತ್ತ. ಕಪ್ಪು ಮಾಡಿದರೆ ಇಬ್ಬರೂ ಕಪ್ಪು. ಆಚೆ ಪಕ್ಷದವರಿಗೆ ಹಾಕುವುದೆಂದರೆ ಅವಳ ಕೈ ಬಳ್ಳಿಯಂತೆ ಸುರುಟಿಕೊಳ್ಳುತ್ತಿತ್ತು.

"ಕೆಳಗಿನ ಹೆಸರುಗಳಿಗೆಲ್ಲ ನಮ್ಮ ಪಕ್ಷಕ್ಕೇ ಹಾಕ್ತೀನಿ," ಅಂದಳು ನಿಧಾನವಾಗಿ. "ಮೇಲಿನ ಆ ಒಂದು ವೃತ್ತ ಖಾಲಿ ಬಿಡ್ತೀನಿ."

ಎಲ್ರಾಯ್ ಯೋಚಿಸಿದ. ಟೋಪಿಯನ್ನು ಒಂದು ಸುತ್ತು ತಿರುಗಿಸಿದ.

"ಖಾಲಿಗೆ ಉಲ್ಟಾ ಏನೇ?"

"ಒಳಗೆ ಬಾ," ಅಂದಳು ಆರ್ಲಿಸ್, ಬಾಗಿಲನ್ನು ಪೂರ್ತಿ ತೆರೆದು. "ಕಾಫಿ ಇದೆ. ಮೊದಲು ಅವನು ಆ ಅಡುಗೆಮನೆಗೆ ಏನು ಮಾಡ್ದ ಅಂತ ಪೂರ್ತಿ ಕೇಳು. ಗಡಿಯಾರ ನೋಡಿದ್ರೆ ಮಾತ್ರ ಎಬ್ಬಿಸಿ ಕಳಿಸ್ತೀನಿ."

ಎಲ್ರಾಯ್ ಬೂಟು ಬಿಚ್ಚತೊಡಗಿದ.