ಹೊಲಿಗೆ ಮಿಸ್ ಮಡಚಿದ ಅಂಚು

ನಮ್ಮ ಹೊಲಿಗೆ ಮಿಸ್ ಗುಂಡುಸೂಜಿಗಳನ್ನು ತುಟಿಯ ಬಲಮೂಲೆಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಸೂಜಿಗಳ ತಲೆಗಳು ಸಾಲಾಗಿ ಹೊಳೆಯುತ್ತಿದ್ದವು, ಮಾತು ಎಡಮೂಲೆಯಿಂದ ಹೊರಬರುತ್ತಿತ್ತು. ನಕ್ಕರೂ ಒಂದೂ ಬೀಳುತ್ತಿರಲಿಲ್ಲ. ಮುಖ್ಯವಾದದ್ದೇನಾದರೂ ಹೇಳುವುದಿದ್ದರೆ ಮಾತ್ರ ಅವನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಆಗ ಇಡೀ ಕ್ಲಾಸು ತಾನಾಗಿಯೇ ಸುಮ್ಮನಾಗುತ್ತಿತ್ತು.

ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ನಮಗೆ ಕ್ರಾಫ್ಟ್ ಟೀಚರ್. ಹೊಲಿದದ್ದನ್ನು ಹೆಮ್ಮೆಯಿಂದ ಹಿಡಿದುಕೊಂಡು ಹೋದರೆ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. "ಹಿಂದ್ಗಡೆ ತೋರ್ಸು" ಎನ್ನುತ್ತಿದ್ದರು. ಅಲ್ಲಿ ಒಂದು ಗಂಟು ಕಂಡರೂ ಸಾಕು, ಪೂರ್ತಿ ಬಿಚ್ಚಿಸುತ್ತಿದ್ದರು. "ಮುಂದ್ಗಡೆ ಎಲ್ಲಾನೂ ಚೆನ್ನಾಗೇ ಕಾಣತ್ತೆ ಕಣೇ" ಎಂದು ಸಮಾಧಾನ ಬೇರೆ. ನನ್ನ ಕೈಯಲ್ಲಿ ಎಷ್ಟು ಹೊಲಿಗೆ ಬಿಚ್ಚಿಸಿದರೋ ದೇವರಿಗೇ ಗೊತ್ತು. ಇವತ್ತಿಗೂ ಅಂಗಡಿಯಲ್ಲಿ ಬಟ್ಟೆ ಕೊಳ್ಳುವಾಗ ನನ್ನ ಕೈ ಮೊದಲು ಅದರ ಒಳಬದಿಯನ್ನೇ ತಿರುಗಿಸುತ್ತದೆ.

ಅವರು ಯಹೂದಿ. ಕೊಂಕಣದ ಕರಾವಳಿಯಲ್ಲಿ ಎಷ್ಟೋ ತಲೆಮಾರುಗಳಿಂದ ಇದ್ದ, ಮರಾಠಿ ಮಾತಾಡುವ ಯಹೂದಿಗಳ ಪೈಕಿ. ಗಂಡನಿಗೆ ಇಲ್ಲಿಯ ಮಿಲ್ಲೊಂದರಲ್ಲಿ ಕೆಲಸ ಸಿಕ್ಕಿ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಮಕ್ಕಳಿರಲಿಲ್ಲ. ಮನೆ ನಮ್ಮ ಬೀದಿಯಲ್ಲೇ ಇತ್ತು. ನಮ್ಮ ಬೀದಿಯವರಿಗೆ ಯಹೂದಿ ಎಂಬ ಪದವೇ ಗೊತ್ತಿರಲಿಲ್ಲ. "ಅವರಿಗೆ ಶನಿವಾರ ಮಡಿ, ಕತ್ತರಿ ಮುಟ್ಟಲ್ಲ" ಎಂದಷ್ಟೇ ತಿಳಿದಿದ್ದ ನಮ್ಮಮ್ಮ ಶನಿವಾರ ಹೊಲಿಯಲು ಕೊಟ್ಟ ರವಿಕೆ ಕೇಳಲು ಹೋಗುತ್ತಿರಲಿಲ್ಲ. ಹರಕೆ ತೀರಿದ ದಿನ ಮಿಸ್ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಮೇಲೆ ಹಣ್ಣಿಟ್ಟು ಬೀದಿಗೆಲ್ಲ ಹಂಚುತ್ತಿದ್ದರು. ಅದಕ್ಕೆ ಮಲೀದಾ ಅಂತ ಹೆಸರು. ನಮ್ಮಮ್ಮ ಅದನ್ನು ದೇವರ ಮುಂದಿಟ್ಟು ಆಮೇಲೆಯೇ ನಮ್ಮ ಕೈಗೆ ಹಾಕುತ್ತಿದ್ದಳು.

ಕಾಲೇಜಿಗೆ ಬಂದ ಮೇಲೆ ನಾನು ಬೀದಿನಾಟಕದ ತಂಡ ಸೇರಿದೆ. ಹಾಡುವುದು ನನ್ನ ಕೆಲಸ. ರಿಹರ್ಸಲ್‌ಗೆ ಜಾಗವಿಲ್ಲದೆ ಪರದಾಡುತ್ತಿದ್ದಾಗ ಮಿಸ್ ತಮ್ಮ ಮುಂದಿನ ಹಾಲನ್ನೇ ಬಿಟ್ಟುಕೊಟ್ಟರು. ಉಡುಪನ್ನೂ ಅವರೇ ಹೊಲಿದರು. ನಮ್ಮ ನಾಟಕಗಳಲ್ಲಿ ತಲೆಯ ಮೇಲಿರುವುದೇ ಪಾತ್ರ. ಪೇಟ ಇಟ್ಟರೆ ಸಾಹುಕಾರ, ಬಿಳಿ ಟೋಪಿ ಇಟ್ಟರೆ ಮಂತ್ರಿ, ಖಾಕಿಯದ್ದಾದರೆ ಪೊಲೀಸ್. ನಮ್ಮ ಮುಖ್ಯ ನಟ ನಿಂತಲ್ಲೇ ಟೋಪಿ ಬದಲಿಸಿ ಮೂವರೂ ಆಗಿಬಿಡುತ್ತಿದ್ದ. ಅವನೆಂದರೆ ಮಿಸ್‌ಗೆ ಪ್ರಾಣ. ವರ್ಷಕ್ಕೊಮ್ಮೆ ಅವನು ಉಡುಪಿನ ಟ್ರಂಕನ್ನು ಅವರ ಮನೆಗೆ ಹೊತ್ತು ತರುತ್ತಿದ್ದ, ಅವರು ಹರಿದದ್ದನ್ನೆಲ್ಲ ಸರಿಮಾಡಿ ಕಳಿಸುತ್ತಿದ್ದರು.

ಪ್ಯಾಲೆಸ್ಟೈನಿನ ಊರುಗಳಿಗೆ ಇಸ್ರೇಲಿನ ಟ್ಯಾಂಕುಗಳು ನುಗ್ಗಿದ ವರ್ಷ ನಾವು ಅದರ ಮೇಲೆ ನಾಟಕ ಕಟ್ಟಿದೆವು. ಮಿಸ್ ಖುಷಿಯಿಂದಲೇ ಮೆಷೀನ್ ಮುಂದೆ ಕೂತರು. ಮನೆ ಕಳೆದುಕೊಂಡವರಿಗೆ ಮನೆ ಸಿಗಬೇಕು ಎನ್ನುವುದರಲ್ಲಿ ಅವರಿಗೆ ಎರಡು ಮಾತಿರಲಿಲ್ಲ. ಆ ಭಾನುವಾರ ನಮ್ಮ ನಟ ಗೋಡೆಯ ಕಡೆ ಕೈತೋರಿಸಿ, ಏನೂ ಕೆಟ್ಟದ್ದು ಮನಸ್ಸಿನಲ್ಲಿಲ್ಲದೆ ಕೇಳಿದ.

"ಮಿಸ್, ಫೋಟೋದಲ್ಲಿ ಯಜಮಾನ್ರು ಹಾಕ್ಕೊಂಡಿದಾರಲ್ಲ, ಅಂಥದ್ದೊಂದು ಸಣ್ಣ ಟೋಪಿ ಹೊಲ್ದುಕೊಡಿ. ನನ್ನ ಸೈನಿಕನ ಪಾರ್ಟಿಗೆ."

ಮಿಸ್ ಸೂಜಿಗಳನ್ನು ತೆಗೆಯತೊಡಗಿದರು. ಕೊನೆಯದನ್ನು ಸೆರಗಿಗೆ ಚುಚ್ಚಿ, "ಸೈನಿಕನಿಗೆ ಹೆಲ್ಮೆಟ್ ಮಾಡ್ಕೊಡ್ತೀನಪ್ಪ. ಟ್ಯಾಂಕಿಗೆ ಆ ದೇಶದ ಬಾವುಟ ಬೇಕಾ, ಅದನ್ನೂ ಹೊಲೀತೀನಿ. ಈ ಟೋಪಿ ಬೇಡ. ಇದು ದೇವರ ಮುಂದೆ ನಿಲ್ಲೋವಾಗ ಹಾಕ್ಕೊಳ್ಳೋದು" ಎಂದರು.

ನಿರ್ದೇಶಕ ಒಪ್ಪಲಿಲ್ಲ. "ಹೆಲ್ಮೆಟ್ ಹಾಕಿದ್ರೆ ಯಾವ ದೇಶದೋನು ಬೇಕಾದ್ರೂ ಆಗ್ಬಹುದು ಮಿಸ್. ರೋಡಲ್ಲಿ ನಿಂತು ನೋಡೋರಿಗೆ ತಕ್ಷಣ ಗೊತ್ತಾಗ್ಬೇಕು. ನಿಮ್ಮನ್ನ ಹೇಳ್ತಿಲ್ಲ ನಾವು."

"ಟೋಪಿ ನಮ್ದೇ ಅಲ್ವೇನಪ್ಪ?"

ನಾನು ಮಿಸ್ ಪರವಾಗಿ ಕೂಗಾಡಿದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಅದು ನೆತ್ತಿಗೇರಿತ್ತು. "ಅಲ್ಲಿ ಮನೆ ಮನೇನೇ ಉರುಳಿಸ್ತಿದಾರೆ, ಇಲ್ಲಿ ನಾವು ಟೋಪಿ ಬಗ್ಗೆ ಮೀಟಿಂಗ್ ಮಾಡ್ತಿದೀವಿ" ಎಂದು ಯಾರೋ ಅಂದರು. ಅದು ಸುಳ್ಳೇನಲ್ಲ. ಟೋಪಿ ಬೇಡ ಎನ್ನುವವರ ಕೈ ಎತ್ತಿಸಿ ನೋಡಿದರೆ ನನ್ನದೊಂದೇ ಕೈ. ತಂಡ ಬಿಡುತ್ತೇನೆಂದು ಹೊರಟ ನನ್ನನ್ನು ಮಿಸ್ಸೇ ಅಡುಗೆಮನೆಗೆ ಕರೆದೊಯ್ದರು. "ಬಿಡ್ಬೇಡ. ಮನೆ ಕಳ್ಕೊಂಡೋರ ಹಾಡು ಹೇಳೋಳು ನೀನು. ನನಗೋಸ್ಕರ ಅವರ ಹಾಡು ಯಾಕೆ ನಿಲ್ಬೇಕು?" ಎಂದರು. ಆ ಮಾತಿನ ಋಣ ನನ್ನ ಮೇಲೆ ಈಗಲೂ ಇದೆ.

ಮಕ್ಕಳಕೂಟದ ಪಾರ್ಕಿನ ಹತ್ತಿರ ನಾಟಕವಾಯಿತು. ಯಾರೋ ನೀಲಿ ಚೂರು ಬಟ್ಟೆಯಲ್ಲಿ ಆ ಟೋಪಿ ಹೊಲಿದು ತಂದಿದ್ದರು. ಕೊನೆಯ ದೃಶ್ಯದಲ್ಲಿ ಜನರ ಪಾತ್ರದವರು ಸೈನಿಕನ ತಲೆಯಿಂದ ಅದನ್ನು ಕಿತ್ತು ನೆಲಕ್ಕೆ ಹಾಕಿ ತುಳಿದರು. ಜೋರು ಚಪ್ಪಾಳೆ. ಎಳನೀರಿನ ಗಾಡಿಯ ಹಿಂದೆ ಮಿಸ್ ನಿಂತಿದ್ದು ಹಾಡುತ್ತಿದ್ದ ನನಗೆ ಕಾಣುತ್ತಿತ್ತು. ಮಿಸ್ ಜೊತೆ ವಾಪಸ್ಸು ನಡೆದು ಹೋದೆ. ಮನೆಯ ಗೇಟು ತೆಗೆಯುತ್ತಾ, "ಟೋಪಿಗೆ ಅಂಚೇ ಮಡಚಿಲ್ಲ, ಎಳೆ ನೇತಾಡ್ತಿದೆ" ಎಂದರು. ಅಷ್ಟೇ. ನಾನು ಗೇಟಿನಲ್ಲೇ ನಿಂತು ಅತ್ತೆ.

ಆಮೇಲೆ ತಂಡದವರು ಮುಜುಗರಕ್ಕೋ ಏನೋ ರಿಹರ್ಸಲನ್ನು ಬೇರೆ ಕಡೆಗೆ ಬದಲಿಸಿದರು. ವರ್ಷಗಟ್ಟಲೆ ಸೊಪ್ಪು ಕೊಡುತ್ತಿದ್ದ ಹೆಂಗಸು ಒಂದು ಬೆಳಿಗ್ಗೆ, "ಅಮ್ಮಾ, ಆ ನಾಟಕದಾಗೆ ಗುಂಡು ಹೊಡೀತಾರಲ್ಲ, ಅವ್ರು ನಿಮ್ಮೋರಂತೆ, ಹೌದಾ?" ಎಂದಳು. ಪಾಪ, ಕುತೂಹಲಕ್ಕೆ ಕೇಳಿದಳು. ಮಾರನೆಯ ದಿನ ಹೋದಾಗ ಹಾಲಿನ ಗೋಡೆಯಲ್ಲಿ ಫೋಟೋ ಇರಲಿಲ್ಲ, ಮೊಳೆ ಮಾತ್ರ ಇತ್ತು. ಗಂಡನನ್ನು ಅವರು ಒಳಕೋಣೆಗೆ ಕರೆದುಕೊಂಡು ಹೋಗಿದ್ದರು.

ಅಷ್ಟರಲ್ಲಿ ಇನ್ನೊಂದು ಕಡೆಯವರಿಗೂ ಸುದ್ದಿ ಮುಟ್ಟಿತು. ಹಾರ, ಶಾಲು ಹಿಡಿದುಕೊಂಡು ನಾಲ್ಕು ಜನ ಬಂದರು. "ನಾವೆಲ್ಲ ನಿಮ್ಮ ಕಡೆ ಅಮ್ಮ. ಆ ಮುಸಲ್ಮಾನರಿಗೆ ನಿಮ್ಮೋರೇ ಸರಿ. ಸ್ಟೇಜಿಗೆ ಬನ್ನಿ, ಸನ್ಮಾನ ಮಾಡ್ತೀವಿ." ಮಿಸ್ ಮತ್ತೆ ಸೂಜಿಗಳನ್ನು ತೆಗೆದರು. "ನನ್ನ ಮುಂದಿಟ್ಕೊಂಡು ಇನ್ನೊಬ್ಬರನ್ನ ಬೈಬೇಡಿ. ಶಾಲು ತಗೊಂಡೋಗಿ" ಎಂದರು. ಕಾಫಿ ಕೊಡದೆ ಅವರು ಯಾರನ್ನಾದರೂ ಕಳಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರ ತಂಗಿಯ ಕುಟುಂಬ ಇಸ್ರೇಲಿನಲ್ಲಿತ್ತು. ಅಲ್ಲಿ ಬಸ್ಸಿನಲ್ಲಿ ಬಾಂಬು ಸಿಡಿದ ಸುದ್ದಿ ಬಂದರೆ ಫೋನಿನ ಪಕ್ಕವೇ ಕೂತಿರುತ್ತಿದ್ದರು, ಟಿವಿಯಲ್ಲಿ ಗಾಜಾದ ಉರುಳಿದ ಮನೆ ಕಂಡರೆ ತಟ್ಟೆ ಸರಿಸುತ್ತಿದ್ದರು. ಟೌನ್‌ಹಾಲ್ ಮುಂದೆ ಪ್ಯಾಲೆಸ್ಟೈನಿನ ಪರ ಜನ ಸೇರಿದ ಸಂಜೆ ಒಬ್ಬರೇ ಬಂದು ಮೆಟ್ಟಿಲ ಅಂಚಿನಲ್ಲಿ ನಿಂತರು. ಪರಿಚಯದ ಹುಡುಗಿಯೊಬ್ಬಳು "ಅಯ್ಯೋ ಮಿಸ್, ನೀವ್ಯಾಕೆ ಇಲ್ಲಿ?" ಎಂದಳು. "ಯಾಕಮ್ಮ, ಇಲ್ಲಿಗೆ ಬರೋಕೆ ನಾನು ಬೇರೆ ಯಾರಾದ್ರೂ ಆಗ್ಬೇಕಿತ್ತಾ?" ಎಂದು ಮಿಸ್ ಕೇಳಿದರು. ಕೊನೆಯ ತನಕ ನಿಂತಿದ್ದರು. ಅವರ ಅಕ್ಕಪಕ್ಕದ ಜಾಗ ಖಾಲಿಯೇ ಇತ್ತು, ನಾನು ಹೋಗಿ ನಿಂತೆ.

ಆ ದಶಕ ಮುಗಿಯುವ ಹೊತ್ತಿಗೆ, ಎರಡು ವಾರದ ಜ್ವರದಲ್ಲಿ ಮಿಸ್ ಹೋಗಿಬಿಟ್ಟರು. ಮೈಸೂರು ರಸ್ತೆಯ ಕಡೆ ಯಹೂದಿಗಳದ್ದೊಂದು ಸ್ಮಶಾನವಿದೆ. ಹತ್ತು ಜನ ಯಹೂದಿ ಗಂಡಸರು ಸೇರಿದರೆ ಮಾತ್ರ ಹೇಳುವ ಪ್ರಾರ್ಥನೆಯೊಂದು ಇದೆಯಂತೆ. ಅಷ್ಟು ಜನ ಸಿಗಲೇ ಇಲ್ಲ. ಬಂದ ಮೂರ್ನಾಲ್ಕು ಮಂದಿಯಲ್ಲಿ ಹಿರಿಯರೊಬ್ಬರು ಒಬ್ಬರೇ ಓದಬಹುದಾದದ್ದನ್ನು ಓದಿದರು. ಗಂಡಸರೆಲ್ಲ ತಲೆಗೆ ಏನಾದರೂ ಹಾಕಿಕೊಂಡು ಬನ್ನಿ ಎಂದು ಮುಂಚೆಯೇ ಹೇಳಿ ಕಳಿಸಿದ್ದರು. ನಮ್ಮ ಬೀದಿಯವರು ಕರ್ಚೀಫು ಕಟ್ಟಿಕೊಂಡು ನಿಂತಿದ್ದರು.

ನಮ್ಮ ನಟನೂ ಬಂದಿದ್ದ. ಅಷ್ಟು ಹೊತ್ತಿಗೆ ತಂಡ ಚದುರಿತ್ತು, ಟ್ರಂಕು ಅವನ ಮನೆಯ ಅಟ್ಟದ ಮೇಲಿತ್ತು. ಅವನು ಜೇಬಿನಿಂದ ಆ ನೀಲಿ ಟೋಪಿ ತೆಗೆದ. ನನಗೆ ಮೈಯೆಲ್ಲ ಉರಿಯಿತು. "ಇದನ್ನ ಇಲ್ಲಿಗೆ ತಂದಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಎಂದೆ.

ಅವನ ಕಣ್ಣು ಕೆಂಪಗಿತ್ತು. "ತಲೆಗೆ ಏನಾದ್ರೂ ಬೇಕಲ್ಲ ಅಂತ ಬೆಳಿಗ್ಗೆ ಟ್ರಂಕ್ ತೆಗೆದೆ. ಆ ವರ್ಷಾನೂ ಟ್ರಂಕ್ ಮಿಸ್ ಹತ್ರ ರಿಪೇರಿಗೆ ಕೊಟ್ಟಿದ್ನಲ್ಲ. ಅದಾದ್ಮೇಲೆ ಈ ನಾಟಕ ಆಡ್ಲೇ ಇಲ್ಲ, ನಾನು ಇದನ್ನ ನೋಡೇ ಇರ್ಲಿಲ್ಲ. ನೀನೇ ನೋಡು."

ನನ್ನ ಕೈ ತಾನಾಗಿಯೇ ಟೋಪಿಯ ಒಳಬದಿಯನ್ನು ತಿರುಗಿಸಿತು. ತುಳಿದ ಕೊಳೆ ಹೋಗಿತ್ತು. ಸುತ್ತಲೂ ಅಂಚು ಮಡಚಿ, ಅದೇ ನೀಲಿ ನೂಲಿನಲ್ಲಿ ಸಣ್ಣ ಸಣ್ಣ ಕೈಹೊಲಿಗೆ ಹಾಕಿದ್ದರು. ಎಲ್ಲಿಯೂ ಒಂದು ಗಂಟು ಕಾಣಲಿಲ್ಲ.

ಅವನಿಗೆ ವಾಪಸ್ಸು ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಲೆಗಿಟ್ಟುಕೊಂಡು, ಮಿಸ್‌ಗೆ ಮಣ್ಣು ಹಾಕಲು ಮುಂದೆ ಹೋದ.