ಮುಂಗೈ ಹಿಡಿದ ಫುಗಡಿ

ಫುಗಡಿ ಆಡುವಾಗ ಸರೀಕರು ಅಂಗೈಗೆ ಅಂಗೈ ಕೊಡುತ್ತಾರೆ. ಕೈಗಳನ್ನು ಕತ್ತರಿ ಹಾಕಿ, ಪಾದಗಳನ್ನು ಹತ್ತಿರ ಇಟ್ಟು, ಇಬ್ಬರೂ ಹಿಂದಕ್ಕೆ ವಾಲಿ ಗರಗರ ತಿರುಗುವುದು. ಎದುರಿಗೆ ಸಣ್ಣ ಹುಡುಗಿ ನಿಂತರೆ ಮಾತ್ರ ದೊಡ್ಡವಳು ಆಕೆಯ ಮುಂಗೈ ಹಿಡಿಯಬೇಕು. ಮಕ್ಕಳ ಬೆರಳು ಬೆವರಿ ಜಾರುತ್ತವೆ. ಹಾಗೆ ಜಾರಿ ಬಿದ್ದವಳು ನಾನು. ಆರು ವರ್ಷದವಳಿದ್ದಾಗ ಪಂಚಮಿಯ ದಿನ ಓಣಿಯ ಹುಡುಗಿಯೊಬ್ಬಳ ಕೈ ಬಿಟ್ಟುಹೋಗಿ, ದನ ಕಟ್ಟುವ ಗೂಟಕ್ಕೆ ಗದ್ದ ಬಡಿಸಿಕೊಂಡೆ. ಅವ್ವ ಅರಿಷಿಣ ಮೆತ್ತಿ, ನಾಲ್ಕು ಬೈದು, ನನ್ನ ಅಳು ನಿಲ್ಲುವ ಮೊದಲೇ ಎರಡೂ ಮುಂಗೈ ಗಟ್ಟಿಯಾಗಿ ಹಿಡಿದು ಮತ್ತೆ ತಿರುಗಿಸಿದಳು. ಹೆದರಿಕೆ ಮೈಯೊಳಗೆ ಕೂರಬಾರದಂತೆ. ಆಮೇಲೆ ಎಷ್ಟೋ ವರ್ಷ ಫುಗಡಿಗೆ ಬೇರೆ ಯಾರ ಕೈಗೂ ನನ್ನನ್ನು ಕೊಡಲಿಲ್ಲ.

ಅದೇ ಅವ್ವ ಈಗ ಚಿಕ್ಕೋಡಿಯ ನಮ್ಮ ಮನೆಯಲ್ಲಿ ಇದ್ದಾಳೆ. ಮರೆವಿನ ಕಾಯಿಲೆ. ನಾನು ಯಾರೆಂಬುದು ಆಕೆಗೆ ಗೊತ್ತಿಲ್ಲ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನು ‘ಬಾಯಾರ’ ಅನ್ನುತ್ತಾಳೆ. ನಾನು ಶಿಕ್ಷಕಿಯೇ, ಅಷ್ಟರ ಮಟ್ಟಿಗೆ ಆಕೆ ಹೇಳುವುದು ನಿಜ. ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ನಾನು ಕೈ ಹಿಡಿಯಲು ಹೋದರೆ ಸಾಕು, ಬೆಂಕಿ ತಾಗಿದಂತೆ ಹಿಂದೆ ಸರಿಯುತ್ತಾಳೆ. “ಮೈ ಮುಟ್ಟಬ್ಯಾಡ್ರಿ ಬಾಯಾರ, ನನಗ ಸೇರೂದಿಲ್ಲ.”

ಪಕ್ಕದ ಮನೆಯ ಕಾಕು ದಿನಾ ಬಂದು ಆಕೆಗೆ ಎರೆಯುತ್ತಾಳೆ, ಹೆರಳು ಹಾಕುತ್ತಾಳೆ. ಕಾಕು ಮುಟ್ಟಿದರೆ ನಡೆಯುತ್ತದೆ. ಹೊಟ್ಟೆಯ ಮಗಳು ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರಬೇಕು. ಹೊಟ್ಟೆಕಿಚ್ಚು ಆಗುತ್ತಿತ್ತು, ಸುಳ್ಳೇಕೆ ಹೇಳಲಿ! ಆಕೆಗೆ ನನ್ನ ಹೆಸರು ನೆನಪಾಗಬೇಕೆಂಬ ಆಸೆಯನ್ನು ಬಿಟ್ಟು ಬಹಳ ದಿನವಾಗಿತ್ತು. ಒಂದೇ ಒಂದು ಸಲ ತಾನಾಗಿ ನನ್ನ ಕೈ ಹಿಡಿದರೆ ಸಾಕಿತ್ತು.

ಮರೆವಿನವರ ಜೊತೆ ಕುಣಿದರೆ ಅವರು ಹತ್ತಿರವಾಗುತ್ತಾರೆಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಇಷ್ಟೇನಾ ಅಂದುಕೊಂಡೆ. ವರ್ಷಕ್ಕೊಮ್ಮೆ ಶಾಲಾ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂತೆಂದರೆ ಇಡೀ ಶಾಲೆಯ ಡಾನ್ಸು ನನ್ನ ತಲೆಯ ಮೇಲೆ; ಇವತ್ತು ನನ್ನವ್ವನನ್ನು ಕುಣಿಸಲು ಬರುವುದಿಲ್ಲವೇ? ಪಡಸಾಲೆಯಲ್ಲಿ ನಿಂತು ಚಪ್ಪಾಳೆ ಹೊಡೆದು ಶುರು ಮಾಡಿದೆ. “ಒಂದು, ಎರಡು, ಬಲಗಾಲು ಮುಂದ! ಏಳವ್ವಾ, ಬಲಗಾಲು!” ಆಕೆ ಕುರ್ಚಿಯಲ್ಲಿ ಕುಳಿತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾಯಾರ, ನಿಮಗ ಮನ್ಯಾಗ ಕೆಲಸ ಬೊಗಸಿ ಇಲ್ಲೇನ್ರಿ?”

ಕಾಕು ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಅದನ್ನು ನೋಡಿಯೇ ಏನೋ, ಕಾಕು ಹೋಗುವಾಗ ಮೆತ್ತಗೆ ಅಂದಳು: “ಆಕಿಗೆ ಸಾಲಿ ಕಲಸಾಕ ಹೋಗಬ್ಯಾಡ ಬೇ. ಆಕಿ ಎಲ್ಲಿ ಅದಾಳೋ ಅಲ್ಲೇ ಹೋಗಿ ಕುಂದರು.”

ಆಕೆ ಎಲ್ಲಿದ್ದಳು? ಶ್ರಾವಣ ಹತ್ತಿರ ಬಂದಿತ್ತು. ಅವ್ವ ದಿನವೂ ಕೈಚೀಲ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಅಣ್ಣ ಬರಬೇಕಲ್ಲ. “ಸತ್ತಿಯಿಂದ ಅಣ್ಣ ಬರಾಕತ್ತಾನ. ಹೊಳಿ ಇಳದೈತೋ ಇಲ್ಲೋ.” ಸತ್ತಿ ಕೃಷ್ಣಾ ಹೊಳೆಯಾಚೆಯ ಆಕೆಯ ತವರೂರು. ಆ ಅಣ್ಣ, ನನ್ನ ಮಾಮಾ, ತೀರಿಕೊಂಡು ಎಷ್ಟೋ ವರ್ಷವಾಯಿತು. ಹಿಂದಿನ ಶ್ರಾವಣದಲ್ಲಿ ನಾನು ಜಾಣೆಯಂತೆ ಅದನ್ನು ಹೇಳಿಬಿಟ್ಟಿದ್ದೆ. ಆಗ ಆಕೆ ಅವತ್ತೇ ಹೆಣ ಬಂದಂತೆ ಎದೆ ಬಡಿದುಕೊಂಡು ಅತ್ತಿದ್ದಳು. ಆ ತಪ್ಪಿಗೆ ಈಗಲೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಈ ಸಲ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತೆ, ಒಂದು ಮೊಳ ಬಿಟ್ಟು. ಶಾಲೆಯಿಂದ ಬಂದ ಮೇಲೆ ದಿನವೂ ಅದೇ ಕೆಲಸ. ಮುಂದೆ ರಸ್ತೆ, ಬಸ್ಸು, ಟ್ರ್ಯಾಕ್ಟರು. ಅವ್ವನ ಕಣ್ಣಿಗೆ ಅವು ಯಾವೂ ಇರಲಿಲ್ಲ. ಆಕೆ ನೋಡುತ್ತಿದ್ದುದು ಕೃಷ್ಣೆಯ ಕೆಂಪು ನೀರು, ನಾವೆ, ಆಚೆ ದಡದಲ್ಲಿ ಛತ್ರಿ ಹಿಡಿದು ನಿಂತವರು. ಹೇಳುತ್ತ ಹೇಳುತ್ತ ಮಾತು ನಿಧಾನವಾಗುತ್ತಿತ್ತು. ಕೇಳುತ್ತ ಕೇಳುತ್ತ ನನಗೂ ಜೊಂಪು ಹತ್ತಿ, ಹೊಸ್ತಿಲು ನೀರಿನ ಮೇಲೆ ತೇಲುತ್ತಿದೆ ಅನಿಸುತ್ತಿತ್ತು. ಅಂಥ ಒಂದು ಸಂಜೆ ಆಕೆಯ ಬಾಯಿಂದ ಸಣ್ಣ ಸದ್ದು ಬಂತು. ಫೂ, ಫೂ. ಕಾಲ ಹೆಬ್ಬೆರಳು ನೆಲ ತಟ್ಟುತ್ತಿತ್ತು. ಫುಗಡಿಗೆ ಹೆಂಗಸರು ಬಾಯಲ್ಲೇ ಹಾಕುವ ತಾಳ ಅದು. ನನ್ನ ಕಾಲನ್ನೂ ಅದೇ ತಾಳಕ್ಕೆ ತಟ್ಟಿದೆ. ಆಕೆ ತಿರುಗಿ ನೋಡಲಿಲ್ಲ, ನಿಲ್ಲಿಸಲೂ ಇಲ್ಲ. ಮರುದಿನವೂ ತಟ್ಟಿದೆವು.

ಪಂಚಮಿ ಬಂತು. ಶೇಂಗಾ ಉಂಡಿ ತಿಂದು ಕೈ ತೊಳೆದ ಮೇಲೆ ಓಣಿಯ ಹುಡುಗಿಯರು ನಮ್ಮ ಅಂಗಳದಲ್ಲೇ ಫುಗಡಿ ಶುರು ಮಾಡಿದರು. ಅವ್ವ ಚೀಲವನ್ನು ಹೊಸ್ತಿಲ ಮೇಲೆ ಬಿಟ್ಟು ಎದ್ದಳು. ಎಷ್ಟೋ ದಿನದಿಂದ ಚೀಲ ಆಕೆಯ ಕೈ ಬಿಟ್ಟಿರಲಿಲ್ಲ. ಎದುರಿಗೆ ಹೋಗಿ ನಿಂತು, ಕೈಗಳನ್ನು ಕತ್ತರಿ ಹಾಕಿ ಅಂಗೈ ಚಾಚಿದೆ. ನಾನೂ ಈಗ ಐವತ್ತು ದಾಟಿದವಳು, ಸರೀಕಳ ಹಾಗೆಯೇ ಚಾಚಿದೆ.

ಅವ್ವ ನನ್ನ ಬೆರಳುಗಳನ್ನು ನೋಡಿದಳು. ತಲೆಯಾಡಿಸಿ, ಅವನ್ನು ಪಕ್ಕಕ್ಕೆ ಸರಿಸಿಬಿಟ್ಟಳು. ಮುಗಿಯಿತು, ಇದೂ ಮುಗಿಯಿತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು.

ಆಕೆ ತನ್ನ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. “ಹಂಗಲ್ಲ. ಜಾರತೈತಿ,” ಅಂದಳು. ಕೈ ಮುಂದೆ ಮಾಡಿ ನನ್ನ ಎರಡೂ ಮುಂಗೈ ಹಿಡಿದಳು.

ಎಂಥ ಹಿಡಿತ ಅದು, ಶಿವನೇ! ಕಾಕು ಓಡಿಬಂದು ಬೆನ್ನ ಹಿಂದೆ ಕೈಯೊಡ್ಡಿ ನಿಂತಳು. ನಾವು ತಿರುಗಿದ್ದು ಹೆಚ್ಚಿಲ್ಲ, ಮೂರು ಸುತ್ತು, ಅದೂ ಎತ್ತಿನ ಗಾಣದಷ್ಟು ನಿಧಾನ. ಅಂಗಳ, ತುಳಸಿಕಟ್ಟೆ, ಹುಡುಗಿಯರ ಲಂಗ ಎಲ್ಲ ಮಸುಕಾಗಿ ಹಿಂದೆ ಹೋದವು. ಅವ್ವನ ಮುಖ ಒಂದೇ ಎದುರಿಗಿತ್ತು. ಫೂ, ಫೂ ಅನ್ನುತ್ತಲೇ ನನಗೆ ಹೇಳಿದಳು:

“ಹೆದರಬ್ಯಾಡ. ನಾ ಬಿಡೂದಿಲ್ಲ.”

ಆಮೇಲೆ ಏದುಸಿರು ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಳು, ನಾನೂ ಕುಳಿತೆ. ಆಕೆಯ ಕಣ್ಣು ಮತ್ತೆ ರಸ್ತೆಯ ಕಡೆ, ಹೊಳೆಯ ಕಡೆ ಹೋಯಿತು.

“ಬಾಯಾರ,” ಅಂದಳು, “ಒಂದೀಟು ನೀರು ಕೊಡ್ರಿ.”

ಏಳಲು ಹೋದೆ, ಆಗಲಿಲ್ಲ. ಆಕೆ ನನ್ನ ಮುಂಗೈ ಇನ್ನೂ ಬಿಟ್ಟಿರಲಿಲ್ಲ. ನೀರನ್ನು ಕಾಕು ತಂದುಕೊಟ್ಟಳು.