ಆರದ ದೀಪದ ವೈರು

ಮಾಜಿವಾಡಾದ ಪುಲ್ಲಿನ, ಅಂದರೆ ಸೇತುವೆಯ, ಬದಿಗೆ ಅಂಬಾದಾಸನ ಶೆಡ್ಡು. ಅದಕ್ಕೆ ಬೋರ್ಡಿಲ್ಲ. ಕಾರಿನ ವೈರಿಂಗ್ ಮಾಡುವವನು ಎಲ್ಲಿ ಎಂದು ಕೇಳಿದರೆ ವಡಾಪಾವ್ ಮಾರುವ ಹೆಂಗಸು ಕೈ ತೋರಿಸುತ್ತಾಳೆ. ತೋರಿಸಿ, "ಜಾ, ಪಣ ವಾದ ಘಾಲೂ ನಕೊಸ್" ಅನ್ನುತ್ತಾಳೆ. ಹೋಗು, ಆದರೆ ಅವನ ಹತ್ತಿರ ವಾದಕ್ಕೆ ನಿಲ್ಲಬೇಡ ಅಂತ. ಅವನ ಸಿಟ್ಟು ಅಷ್ಟು ಪ್ರಸಿದ್ಧ.

ಆಳಂದದ ಕಡೆಯ ಹುಡುಗ ಅವನು, ಹತ್ತೊಂಬತ್ತನೇ ವಯಸ್ಸಿಗೆ ವಾಶಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರಲು ಬಂದ. ನಾಲ್ಕು ವರ್ಷದಲ್ಲಿ ಬೆನ್ನು ಕೈಕೊಟ್ಟಿತು. ಆಮೇಲೆ ಧರ್ಮಪಾಲ ಎಂಬ ಮುದುಕ ಮಿಸ್ತ್ರಿಯ ಕಾಲಬುಡದಲ್ಲಿ ಕೂತು ವೈರಿಂಗ್ ಕಲಿತ. ಮುದುಕ ಕಲಿಸಿದ್ದು ಮೂರೇ ಮಾತು. ಗಾಡಿಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆ. ಫ್ಯೂಸ್ ಇಲ್ಲದೆ ಒಂದು ಎಳೆ ವೈರನ್ನೂ ಎಳೆಯಬೇಡ. ಎರಡು ವೈರು ಕೂಡಿಸಿದಲ್ಲಿ ಮೇಣ ಹಚ್ಚಿದ ದಾರ ಸುತ್ತಿ ಗಂಟು ಹಾಕು, ಆಮೇಲೆ ಟೇಪು. ಈಗಿನ ಕಾಲದಲ್ಲಿ ದಾರ ಸುತ್ತುವವರು ಯಾರಿದ್ದಾರೆ? ಅಂಬಾದಾಸ ಸುತ್ತುತ್ತಾನೆ. ಇಪ್ಪತ್ತೆರಡು ವರ್ಷದಿಂದ ಸುತ್ತುತ್ತಿದ್ದಾನೆ.

ಅವನ ಹತ್ತಿರ ಕೆಂಪು ಬಣ್ಣದ ಹಳೇ ಸ್ಪೋರ್ಟ್ಸ್ ಕಾರೊಂದು ಬಂತು. ಎರಡೇ ಬಾಗಿಲು, ಕೂತರೆ ರಸ್ತೆಯ ಮೇಲೇ ಕೂತ ಹಾಗೆ. ಹಿಂದೆ ಎರಡು ಸೀಟು ಅಂತ ಹೆಸರಿಗೆ ಇವೆ, ಬ್ಯಾಟರಿ ಅದರ ಹಿಂದೆ ಡಿಕ್ಕಿಯಲ್ಲಿ. ಗಾಡಿಯ ಯಜಮಾನ ಶ್ರೀನಿ ಮೈಸೂರಿನವನು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ವಾಶಿಯಲ್ಲಿ ಮನೆ. ಒಳಗಿನ ವೈರನ್ನೆಲ್ಲ ಇಲಿ ತಿಂದುಹಾಕಿತ್ತು. ಅಂಬಾದಾಸ ನಲವತ್ತು ದಿನ ಕೂತು ಬುಡದಿಂದ ಹೊಸದಾಗಿ ಎಳೆದ. ಗಾಡಿ ಓಡಿತು. ಹಳೇ ಕಾರು ಇಟ್ಟುಕೊಂಡವರದೊಂದು ಗ್ರೂಪು ಶ್ರೀನಿಯ ಫೋನಿನಲ್ಲಿತ್ತು. ಅದರಲ್ಲಿ ಅಂಬಾದಾಸನ ಹೆಸರು ಬಿತ್ತು. ಆಮೇಲೆ ಡೊಂಬಿವಲಿಯಿಂದ, ಪನವೇಲಿನಿಂದ ಗಾಡಿಗಳು ಹುಡುಕಿಕೊಂಡು ಬರತೊಡಗಿದವು.

ಶ್ರೀನಿಯ ತಾಯಿ ಶಾಂತಮ್ಮ ಗಾಡಿಯೊಳಗೆ ಮುಂದಿನ ಗಾಜಿನ ಕೆಳಗೆ ಬೆರಳುದ್ದದ ಗಣಪತಿಯನ್ನು ಅಂಟಿಸಿ, ಅದರ ಮುಂದೆ ಒಂದು ಕರೆಂಟಿನ ದೀಪ ಹಾಕಿಸಿದ್ದರು. ಚಾವಿ ತೆಗೆದರೆ ದೀಪ ಆರುತ್ತಿತ್ತು.

"ದೇವರ ದೀಪ ಆರಬಾರದಪ್ಪ. ಹಗಲೂ ರಾತ್ರಿ ಉರಿಯೋ ಹಾಗೆ ಮಾಡ್ಕೊಡು" ಎಂದು ಕೇಳಿದರು.

"ಆಗಂಗಿಲ್ಲ ಅಮ್ಮಾವ್ರ. ಹಂಗ ಮಾಡ್ಬೇಕಂದ್ರ ಬ್ಯಾಟರಿಗಿ ಸೀದಾ ಹಚ್ಬೇಕಾಗ್ತದ. ನಾ ಹಚ್ಚಂಗಿಲ್ಲ. ಗಾಡಿ ಮಲಗಿದಾಗ ಗಣಪ್ಪನೂ ಮಲಗ್ಲಿ ಬಿಡ್ರಿ."

ಶಾಂತಮ್ಮ ನಕ್ಕಿದ್ದರು. ಶ್ರೀನಿ ನಗಲಿಲ್ಲ.

ಇದಾಗಿ ಎರಡು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ಶ್ರೀನಿ ತಾಯಿಯ ಜೊತೆ ಶೆಡ್ಡಿನ ಮುಂದೆ ಬಂದು ನಿಂತ. ಟಿಟ್ವಾಳಾದ ಗಣಪತಿ ನೋಡಿಕೊಂಡು ನಾಸಿಕಕ್ಕೆ ಹೊರಟಿದ್ದರು. ಗ್ರೂಪಿನ ಬೇರೆ ಗಾಡಿಗಳು ಮುಂದೆ ಹೈವೇಯಲ್ಲಿ ಕಾಯುತ್ತಿದ್ದವು. ಅಂಬಾದಾಸನ ಮನೆಯೂ ಟಿಟ್ವಾಳಾದಲ್ಲೇ, ರಾತ್ರಿಯೆಲ್ಲ ಶೆಡ್ಡಿನಲ್ಲೇ ಕೆಲಸ ಮಾಡಿ ಅವನೂ ಮನೆಗೆ ಹೊರಟಿದ್ದ. ಲೋಕಲ್ ಟ್ರೇನಿನ ನೂಕುನುಗ್ಗಲು ಯಾಕೆ, ನಮ್ಮ ಗಾಡಿ ಹತ್ತು ಅಂದರು. ದೇವರಿರುವ ಗಾಡಿ ಎಂದು ಶಾಂತಮ್ಮ ಅವನ ಚಪ್ಪಲಿಯನ್ನು ಡಿಕ್ಕಿಗೆ ಹಾಕಿಸಿದರು. ಅವನು ಬರಿಗಾಲಲ್ಲಿ ಹಿಂದಿನ ಸೀಟಿಗೆ ತೂರಿಕೊಂಡು, ಗದ್ದಕ್ಕೆ ಮೊಣಕಾಲು ತಾಗಿಸಿಕೊಂಡು ಕೂತ.

ಕಲ್ಯಾಣ ದಾಟಿತು. ಶಹಾಡದ ಪುಲ್ಲು ಇಳಿದ ಮೇಲೆ ಶ್ರೀನಿ ಕಾಲು ಚಾಚಿಕೊಳ್ಳಲೆಂದು ಗುಂಡಿ ಒತ್ತಿದ. ಅವನ ಸೀಟು ಗುಂಯ್ ಎಂದು ಹಿಂದೆ ಸರಿದು ಅಂಬಾದಾಸನ ಕಾಲನ್ನು ಒತ್ತಿ ನಿಂತಿತು. ಸ್ವಲ್ಪ ಹೊತ್ತಿಗೆ ಅಂಬಾದಾಸನ ಅಂಗಾಲು ಬೆಚ್ಚಗಾಯಿತು. ಇಂಜಿನ್ನಿನ ಕಾವಿರಬೇಕು ಅಂದುಕೊಂಡ. ಅಂದುಕೊಳ್ಳುವಷ್ಟರಲ್ಲಿ ಕೆಂಡ ತುಳಿದ ಹಾಗಾಯಿತು. ಮ್ಯಾಟಿನ ಅಡಿಯಿಂದ ಹೊಗೆ ಎದ್ದಿತು, ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಸಾಹೇಬ್ರ, ಬದೀಗಿ ಹಚ್ರಿ! ಚಾವಿ ಬಂದ್ ಮಾಡ್ರಿ!"

ಶ್ರೀನಿ ಗಾಡಿ ನಿಲ್ಲಿಸಿ ಚಾವಿ ಕಿತ್ತ. ಹೊಗೆ ನಿಲ್ಲಲಿಲ್ಲ, ಇನ್ನೂ ದಟ್ಟವಾಯಿತು. ಅಂಬಾದಾಸನಿಗೆ ಅಷ್ಟು ಸಾಕಾಯಿತು. ಚಾವಿ ತೆಗೆದ ಮೇಲೂ ಕರೆಂಟು ಓಡುತ್ತಿದೆ ಅಂದರೆ ಯಾರೋ ಬ್ಯಾಟರಿಯಿಂದ ಸೀದಾ ವೈರು ಎಳೆದಿದ್ದಾರೆ, ನಡುವೆ ಫ್ಯೂಸ್ ಇಲ್ಲ. ಹೆದರಿಕೆಗಿಂತ ಮೊದಲು ಅವನಿಗೆ ಬಂದದ್ದು ಸಿಟ್ಟು. ನನ್ನ ಕೆಲಸದೊಳಗೆ ಕೈ ಹಾಕಿದ ಆ ಮಗ ಯಾರು?

ಶ್ರೀನಿ ಕೆಳಗೆ ಹಾರಿ, ಸುತ್ತಿ ಓಡಿ, ತಾಯಿಯ ಬೆಲ್ಟು ಬಿಡಿಸತೊಡಗಿದ. ಹಿಂದೆ ಕೂತವನು ಇಳಿಯಬೇಕಾದರೆ ಮುಂದಿನ ಸೀಟು ಸರಿಯಬೇಕು. ಚಾವಿ ಇಲ್ಲದೆ ಶ್ರೀನಿಯ ಸೀಟು ಸರಿಯದು, ಗಾಜೂ ಇಳಿಯದು; ಕೈಯಿಂದ ಬಗ್ಗುವ ಇನ್ನೊಂದು ಸೀಟಿನಲ್ಲಿ ಶಾಂತಮ್ಮ ಕೂತಿದ್ದರು. ಅಂಬಾದಾಸ ಕೆಮ್ಮುತ್ತಲೇ ಕಾಲನ್ನು ಎಳೆದುಕೊಂಡು ತಿರುಗಿ ಕೂತು ತನ್ನ ಸೀಟಿನ ಬೆನ್ನನ್ನು ಮಡಚಿದ. ಆ ಸಂದಿಯಲ್ಲಿ ಭುಜದವರೆಗೆ ಕೈ ತೂರಿಸಿ ಡಿಕ್ಕಿಯ ಬ್ಯಾಟರಿಯನ್ನು ತಡಕಿದ. ಜೇಬಿನಲ್ಲಿ ನಟ್ಟು ಬಿಚ್ಚುವ ಹತ್ತು ನಂಬರಿನ ಪಾನಾ ಇತ್ತು. ನಟ್ಟು ಮಾತ್ರ ಕದಲಲಿಲ್ಲ. ಬಿಗಿದವನು ತಾನೇ. ತನ್ನ ಕೈಯನ್ನೇ ಬೈದುಕೊಂಡು ಮತ್ತೊಮ್ಮೆ ಜಗ್ಗಿದ. ನೆಗೆಟಿವ್ ಕಳಚಿ ಕೈಗೆ ಬಂತು.

ಹೊಗೆ ಮೆಲ್ಲಗೆ ಇಳಿಯಿತು. ಶಾಂತಮ್ಮ ಇಳಿದ ಮೇಲೆ ಆ ಕಡೆಯ ಸೀಟನ್ನು ಬಗ್ಗಿಸಿ ಅವನೂ ಹೊರಗೆ ಬಿದ್ದ.

ಜನ ಸೇರಿದರು. "ಕಾಯ ಝಾಲಂ ಭಾವು?" ಏನಾಯ್ತಣ್ಣ ಎಂದು ಒಬ್ಬ ಕೇಳಿದ. "ಜುನೀ ಗಾಡೀ, ದುಸರಂ ಕಾಯ!" ಹಳೇ ಗಾಡಿ, ಇನ್ನೇನು ಎಂದು ಇನ್ನೊಬ್ಬ ತಾನೇ ಉತ್ತರ ಹೇಳಿದ. ಅಂಬಾದಾಸ ಅಂಗಾಲಿನ ಬೊಬ್ಬೆಗೆ ಬಾಟಲಿ ನೀರು ಸುರಿದುಕೊಳ್ಳುತ್ತಿದ್ದ. ಆಗ ಶ್ರೀನಿ ಫೋನಿನಲ್ಲಿ ಗ್ರೂಪಿನ ಗೆಳೆಯನ ಜೊತೆ ಆಡುತ್ತಿದ್ದ ಮಾತು ಕಿವಿಗೆ ಬಿತ್ತು.

"ಅಭಯ್, ನಾವು ಲೇಟು ಕಣೋ. ವೈರಿಂಗ್ ಸುಟ್ಟೋಯ್ತು. ಹೂಂ, ಅವನೇ, ಮಾಜಿವಾಡಾದವನು ಮಾಡಿದ್ದು. ಸ್ವಲ್ಪದರಲ್ಲಿ ನಮ್ಮಮ್ಮನ ಜೀವ ಉಳೀತು. ಗ್ರೂಪಲ್ಲಿ ಹಾಕ್ಬಿಡು, ಯಾರೂ ಅವನ ಹತ್ರ ಗಾಡಿ ಬಿಡ್ಬೇಡಿ ಅಂತ."

ಅಂಬಾದಾಸ ಬಾಟಲಿ ಎಸೆದು ಎದ್ದ. ಬೋರ್ಡಿಲ್ಲದ ಶೆಡ್ಡು ಅವನದು. ಹೆಸರೇ ಅವನ ಬೋರ್ಡು. ಅದನ್ನು ಈ ಮನುಷ್ಯ ನಡುರಸ್ತೆಯಲ್ಲಿ ನಿಂತು ಒರೆಸಿ ಹಾಕುತ್ತಿದ್ದ.

ಕುಂಟುತ್ತ ಹೋಗಿ ಮ್ಯಾಟನ್ನು ಕಿತ್ತೆಸೆದ. ಅಡಿಯಲ್ಲಿ ತೆಳ್ಳಗಿನ ವೈರೊಂದು ಕಪ್ಪಗೆ ಸುರುಟಿತ್ತು. ಸೀಟು ಹಿಂದೆ ಸರಿದಾಗ ಅದರ ಅಡಿಯ ಕಬ್ಬಿಣ ಆ ವೈರಿನ ಸಿಪ್ಪೆ ಕೊರೆದು ಒಳಗಿನ ತಾಮ್ರಕ್ಕೆ ತಾಗಿ ಶಾರ್ಟ್ ಆಗಿತ್ತು.

"ಸಾಹೇಬ್ರ, ಫೋನ್ ಇಡಬ್ಯಾಡ್ರಿ. ಇಲ್ಲಿ ಬರ್ರಿ. ಇದು ಯಾರ ಕೈ?"

"ಯಾರ ಕೈ ಅಂದ್ರೆ? ಇಡೀ ವೈರಿಂಗ್ ನೀನೇ ತಾನೆ ಮಾಡಿದ್ದು?"

"ನಂದು ಇದ್ರ ದಾರ ಎಲ್ಲದ? ನನ್ನ ಒಂದೊಂದು ಜೋಡಿನ್ಯಾಗೂ ದಾರ ಅದ, ಎಣಿಸ್ರಿ. ಇದಕ್ಕ ಬರೇ ಟೇಪ್ ಸುತ್ಯಾರ. ಬ್ಯಾಟರಿಲಿಂದ ಸೀದಾ ಗಣಪ್ಪನ ದೀಪಕ್ಕ ಹೋಗ್ಯದ. ನಾ ಬ್ಯಾಡ ಅಂದಿದ್ದೆ, ಹೌದಿಲ್ಲೋ?"

ಶ್ರೀನಿ ಗಡಿಯಾರ ನೋಡಿಕೊಂಡ. "ಅದೆಲ್ಲ ಆಮೇಲೆ ಮಾತಾಡೋಣ. ಮೊದಲು ಗಾಡಿ ಹೊರಡೋ ಹಾಗೆ ಮಾಡು."

ಕಟ್ಟೆಯ ಮೇಲೆ ಕೂತಿದ್ದ ಶಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಯಾಕೋ ಶ್ರೀನಿ, ಹೋದ ಸಂಕಷ್ಟಿ ದಿನ ಅಂಗಡೀಲಿ ಹಾಕಿಸ್ಕೊಂಡು ಬಂದ್ಯಲ್ಲ, ಹೇಳೋ. ನಾನೇ ಪೀಡಿಸಿದ್ದಪ್ಪ, ದೀಪ ಆರಬಾರದು ಅಂತ. ಇವನು ಬೇಡ ಅಂದಿದ್ದ. ಗೊತ್ತಿದ್ದೂ ಮಾಡಿಸಿದ್ದು ನಾವು."

"ಅಮ್ಮಾ, ನೀನು ಸುಮ್ನಿರು."

"ಅವ್ರ್ಯಾಕ ಸುಮ್ನಿರ್ಬೇಕು?" ಅಂಬಾದಾಸನ ದನಿಗೆ ಜನವೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. "ಅಮ್ಮಾವ್ರಿಗಿ ವೈರ್ ತಿಳಿಯಂಗಿಲ್ಲ, ಭಕ್ತಿಲಿಂದ ಕೇಳ್ಯಾರ. ನೀವು ಕಲ್ತವ್ರು. ತಪ್ಪು ಯಾರದಂತ ಗೊತ್ತಿದ್ದೂ ನನ್ನ ಹೆಸರಿಗಿ ಬೆಂಕಿ ಹಚ್ಚಿದ್ರಿ. ಹಿಂದ ಕುಂತು ಸಾಯ್ಲಕತ್ತಿದವ ನಾನು! ಈಗ ಅದೇ ಫೋನಿನ್ಯಾಗ ಖರೇ ಹೇಳ್ರಿ."

"ಇದೇನು, ಧಮಕಿ ಹಾಕ್ತಿದ್ದೀಯಾ?"

"ಹೌದು, ಧಮಕೀನೇ. ನೀವು ಹೇಳೋ ತನಕ ಗಾಡಿಗಿ ಕೈ ಹಚ್ಚಂಗಿಲ್ಲ."

ಶ್ರೀನಿ ಫೋನಿಗೆ ಇಂಗ್ಲಿಷಿನಲ್ಲಿ ಏನೋ ಗಡಿಬಿಡಿಯಿಂದ ಹೇಳಿದ.

"ಹಂಗಲ್ಲ. ನನಗ ತಿಳಿಯೋ ಹಂಗ. ದನಿ ಹೊರಗ ಬರೋ ಹಂಗ ಇಡ್ರಿ."

ಶ್ರೀನಿಯ ಕಿವಿ ಕೆಂಪಾಯಿತು. ಸ್ಪೀಕರ್ ಹಾಕಿದ. "ಅಭಯ್, ಅದು... ಆ ವೈರು ಅಂಬಾದಾಸ್ ಹಾಕಿದ್ದಲ್ಲ. ಅವನು ಬೇಡ ಅಂದಿದ್ದ. ನಾನೇ ವಾಶೀಲಿ ಅಂಗಡಿಯವನ ಕೈಲಿ ಹಾಕಿಸ್ದೆ. ಗ್ರೂಪಲ್ಲಿ ಹಾಕಿದ್ರೆ ತೆಗೆದ್ಬಿಡು."

"ಹಾಕಾಗಿದೆ, ಎಲ್ಲರೂ ಓದಾಗಿದೆ" ಎಂದಿತು ಫೋನು. "ದೇವರ ದೀಪಕ್ಕೆ ಫ್ಯೂಸ್ ಇಲ್ದೆ ವೈರಾ? ಹುಚ್ಚು ಹಿಡಿದಿದ್ಯೇನೋ ನಿಂಗೆ? ನೀನೇ ಬರಿ, ನಿನ್ನ ಹೆಸರಲ್ಲೇ."

ಶ್ರೀನಿ ಬರೆದ. ಬರೆದದ್ದನ್ನು ಶಾಂತಮ್ಮ ಇಸಕೊಂಡು, ಕನ್ನಡದಲ್ಲಿ ಜೋರಾಗಿ ಓದಿ ಹೇಳಿದರು.

"ಸರಿ ತಾನೆ? ಈಗ ಬ್ಯಾಟರಿ ಹಾಕು" ಎಂದ ಶ್ರೀನಿ.

"ಗಾಡಿ ಹೋಗಂಗಿಲ್ರಿ. ಬಗಲಿನ ವೈರೆಲ್ಲ ಕರಗ್ಯಾವ. ಹಚ್ಚಿದ್ರ ಮತ್ತ ಹೊತ್ತತದ. ಟೋವಿಂಗ್ ಗಾಡಿ ಕರಿಸ್ರಿ."

"ಮತ್ತೆ ಇಷ್ಟೊತ್ತು ನನ್ನ ಕೈಲಿ ಯಾಕೆ ಹೇಳಿಸ್ದೆ?"

"ಗಾಡಿ ಸಲುವಾಗಿ ಹೇಳ್ಸಿಲ್ಲ. ನನ್ನ ಸಲುವಾಗಿ ಹೇಳ್ಸೀನಿ."

"ಟೋವಿಂಗ್‌ನವನು ಬರೋ ತನಕ ಇಲ್ಲೇ ಇರು ಹಾಗಾದ್ರೆ."

"ನಿಮ್ಮ ಗಾಡಿ. ನೀವೇ ಇರ್ರಿ." ಡಿಕ್ಕಿಯಿಂದ ಚಪ್ಪಲಿ ತೆಗೆದುಕೊಂಡ. ಬೊಬ್ಬೆ ಎದ್ದ ಕಾಲಿಗೆ ಅದು ಹತ್ತಲಿಲ್ಲ, ಕೈಯಲ್ಲೇ ಹಿಡಿದ.

ಶಾಂತಮ್ಮ ಎದ್ದು ನಿಂತರು. "ನಡಿಯಪ್ಪ, ನನ್ನನ್ನ ಗುಡಿ ಹತ್ರ ಬಿಟ್ಟು ಹೋಗು. ಇವನು ಬಿಸಿಲಲ್ಲಿ ನಿಂತಿರ್ಲಿ."

ಶೇರ್ ರಿಕ್ಷಾ ಸಿಕ್ಕಿತು. ಇಬ್ಬರೂ ಹತ್ತಿದರು.

"ನಾಳೆ ಗಾಡಿ ನಿನ್ನ ಶೆಡ್ಡಿಗೆ ಕಳಿಸ್ತೀನಿ. ಮಾಡ್ತೀಯಲ್ಲ?" ಎಂದು ಶಾಂತಮ್ಮ ಕೇಳಿದರು.

"ಮಾಡ್ತೀನ್ರಿ. ಗಾಡಿದೇನು ತಪ್ಪು?"

"ಮತ್ತೆ ಶ್ರೀನಿ?"

"ಅವ್ರು ಬರೋದು ಬ್ಯಾಡ. ಚಾವಿ ಬ್ಯಾರೇದವ್ರ ಕೈಲಿ ಕೊಟ್ಟು ಕಳಿಸ್ರಿ."

"ನಾನೇ ತರ್ತೀನಿ" ಎಂದರು ಶಾಂತಮ್ಮ.

ಅವನು ಆಗಲಿ ಎಂದು ತಲೆ ಆಡಿಸಿದ. ಟಿಟ್ವಾಳಾ ಬರುವ ತನಕ ಕಚ್ಚಿದ ಹಲ್ಲು ಸಡಿಲಿಸಲಿಲ್ಲ.